ಹೆಬ್ಬೆರಳಿಗೊಂದು ಕಾಲಂ ಬೇಕು

ಪುನಶ್ಚೇತನ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ, ಬೆನ್ನುಹುರಿಗೆ ಪೆಟ್ಟಾಗಿರುವ ನನ್ನ ಗಂಡನ ವ್ಯಾಯಾಮವನ್ನು ತಾವು ಕಳೆದ ವಾರ ನಿಲ್ಲಿಸಿದಿರಿ. ಮೂರು ತಪಾಸಣೆಗಳಲ್ಲಿ ‘ಚಲನೆ: ಇಲ್ಲ’ ಎಂದಿದೆಯಂತೆ. ಅದೇ ದಿನ ತಮ್ಮ ಇನ್ನೊಂದು ಪತ್ರವೂ ಬಂತು: ನರಗಳು ಮತ್ತೆ ಬೆಳೆಯುವಂತೆ ಮಾಡುವ ಚಿಕಿತ್ಸೆಯ ಪ್ರಯೋಗಕ್ಕೆ ಅವರ ಅರ್ಜಿ ಪರಿಶೀಲನೆಯಲ್ಲಿದೆ, ಆದರೆ ವ್ಯಾಯಾಮ ನಿಂತವರಿಗೆ ಅವಕಾಶವಿಲ್ಲ. ಎರಡರಲ್ಲೂ ತಮ್ಮದೇ ಸಹಿ. ಒಂದನ್ನು ಹಾಕುವಾಗ ಇನ್ನೊಂದು ನೆನಪಾಗಲಿಲ್ಲವೆ?

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ತಮ್ಮಂಥವರು ಮೆಟ್ಟಿಲು ಹತ್ತಿ ದಣಿಯಬಾರದೆಂದು ದುಡಿಯುತ್ತಿದ್ದವರು, ಎಂಟು ತಿಂಗಳ ಹಿಂದೆ ಲಿಫ್ಟಿನ ಗುಂಡಿಗೇ ಬಿದ್ದರು. ಈಗ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತದೆ. ಅರ್ಧ ಗಂಟೆ ವ್ಯಾಯಾಮವಾಗಿ ಕಾಲು ಬೆಚ್ಚಗಾದ ಮೇಲೆ ಮಾತ್ರ. ತಮ್ಮ ನಿಯಮದಲ್ಲೋ ಅಳತೆ ಮೊದಲು, ವ್ಯಾಯಾಮ ಆಮೇಲೆ.

ಮೂರನೆಯ ತಪಾಸಣೆಯ ದಿನವೂ ವ್ಯಾಯಾಮ ಮುಗಿಯುವ ಹೊತ್ತಿಗೆ ಬೆರಳು ಎರಡು ಸಲ ಅಲ್ಲಾಡಿತು.

“ನೋಡಿದ್ರಾ?” ಎಂದೆ.

“ನೋಡ್ದೆ ಅಕ್ಕಾ,” ಎಂದರು ವ್ಯಾಯಾಮ ಮಾಡಿಸುವವರು. “ಆದ್ರೆ ಆಗ್ಲೇ ‘ಇಲ್ಲ’ ಅಂತ ಬರ್ದಾಯ್ತಲ್ಲ. ‘ಸ್ವಲ್ಪ’ ಅಂತ ಬರ್ಯೋಕೆ ಕಾಲಮ್ಮೂ ಇಲ್ಲ.”

ಗಂಡ ನಕ್ಕರು. “ಬಿಡೇ, ಮೇಲಿಂದ ಲೈನ್ ಬರ್ತಿದೆ. ಪೂರ್ತಿ ಕಟ್ಟಾಗಿದ್ರೆ ಬಲ್ಬ್ ಮಿಣುಕುತ್ತಾ?”

ವ್ಯಾಯಾಮ ಮಾಡಿಸುವವರು ತಪಾಸಣೆಯ ಫಾರಂ ಅನ್ನು ನನ್ನ ಮುಂದಿಟ್ಟರು. ಕಂಕುಳಲ್ಲಿ ಮಗಳು ರಚ್ಚೆ ಹಿಡಿದಿದ್ದಳು. ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ವಿಜ್ಞಾನ ಓದಿದವಳು ನಾನು, ಸಹಿಯ ಜಾಗದ ಮೇಲಿದ್ದ ಒಂದೇ ಒಂದು ಸಾಲನ್ನು ಓದಲಿಲ್ಲ: ‘ಪ್ರಗತಿ ಇಲ್ಲವೆಂದು ಕುಟುಂಬದವರು ಒಪ್ಪಿದ್ದಾರೆ.’ ತಮ್ಮ ಪತ್ರದ ಜೊತೆ ಬಂದ ಪ್ರತಿಯಲ್ಲಿ ಅದನ್ನು ಓದಿದಂದಿನಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ.

ಬೆನ್ನುಹುರಿಯ ನರ ಚರ್ಮದಂತೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ, ಗಾಯದ ಕಲೆಯೇ ಅದಕ್ಕೆ ಅಡ್ಡಗೋಡೆ ಎಂಬುದು ನನಗೂ ಗೊತ್ತು. ಪ್ರಯೋಗ ಫಲಿಸದೆಯೂ ಹೋದೀತು. ಸೋಲುವುದಾದರೆ ನರ ಸೋಲಲಿ ಸ್ವಾಮೀ, ಫಾರಂ ಸೋಲಿಸುವುದು ಬೇಡ. ಮಗಳು ಅಪ್ಪನ ಗಾಲಿಕುರ್ಚಿ ಹಿಡಿದು ನಿಲ್ಲಲು ಕಲಿಯುತ್ತಿದ್ದಾಳೆ. ನಿಲ್ಲುತ್ತಾಳೆ, ದೊಪ್ಪನೆ ಕೂರುತ್ತಾಳೆ. ಮೂರನೆಯ ಸಲ ಬಿದ್ದಾಗಲೇ ‘ಪ್ರಗತಿ ಇಲ್ಲ’ ಎಂದು ನಾನವಳನ್ನು ತೊಟ್ಟಿಲಿಗೆ ಹಾಕಿಬಿಡಬೇಕಿತ್ತೆ?

ಪ್ರಯೋಗದ ಪಟ್ಟಿ ಈ ತಿಂಗಳ ಮೂವತ್ತಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ಅವರಿಗೆ ವ್ಯಾಯಾಮ ಮಾಡಿಸಿ, ಆಮೇಲೆ ಅಳೆಯಿರಿ. ತಾವೇ ಮೂರನೆಯ ಮಹಡಿಯಿಂದ ಇಳಿದು ಬಂದು, ಆ ಬೆರಳಿನ ಕೆಳಗೆ ತಮ್ಮ ಬೆರಳಿಟ್ಟು ನೋಡಿ. ಲಿಫ್ಟ್ ಕೆಟ್ಟಿದ್ದರೆ ಹೇಳಿ ಕಳಿಸಿ. ಮೆಕ್ಯಾನಿಕ್ ಕೆಳಗೇ ಇದ್ದಾರೆ.

ಇಂತಿ,
ಓದದೆ ಹಾಕಿದ ಸಹಿಯನ್ನು ಹಿಂದಕ್ಕೆ ಕೇಳುತ್ತಿರುವ
ಓದಿದ ಹೆಂಗಸು