ಬೆಳ್ಳಿ ಕುಗ್ಗುವ ಲೆಕ್ಕ

ಜೂನ್ ೪, ಮಂಗಳವಾರ

ಇವತ್ತೂ ತಡ. ನಾದಿನಿ ತಲೆ ಬಾಚಿ ಮುಗಿಸಿದರೆ ತಾನೇ ಮನೆ ಬಿಡುವುದು! ಕ್ಲಾಸಿಗೆ ಹೋಗುವಷ್ಟರಲ್ಲಿ ಮೇಡಂ ಮಣ್ಣು ಹಂಚಿಯಾಗಿತ್ತು. ಮಣ್ಣು ಅನ್ನುವುದು ಹೆಸರಿಗೆ — ಬೆಳ್ಳಿಯ ನುಣ್ಣನೆ ಪುಡಿಗೆ ಅಂಟು, ನೀರು ಬೆರೆಸಿದ ಮುದ್ದೆ. ಲಟ್ಟಿಸಿ, ಆಕಾರ ಕೊಟ್ಟು, ಒಣಗಿಸಿ ಸುಟ್ಟರೆ ಅಂಟು ಉರಿದುಹೋಗಿ ಬರೀ ಬೆಳ್ಳಿ ಉಳಿಯುತ್ತದೆ. ಬೇಗ ಕೈ ಆಡಿಸಬೇಕು. ಮಾತಾಡುತ್ತಾ ಕೂತರೆ ಒಣಗಿ ಬಿರುಕು.

ನಾದಿನಿ ಮಾತಾಡುತ್ತಾ ಕೂತಳು. ಬಿರುಕು ಮುಚ್ಚಿದ್ದು ನಾನು.

ವರ್ಷಗಟ್ಟಲೆ ಡೆಂಟಲ್ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಮಾಡಿದ ಕೈ ಇದು. ಮಷಿನ್ ಬಂತು, ನನ್ನನ್ನು ಮನೆಗೆ ಕಳಿಸಿದರು. ದಿನವಿಡೀ ನನ್ನ ಊದಿದ ಮುಖ ನೋಡಿ ಇವರಿಗೆ ಸಾಕಾಗಿ ಈ ಒಂದು ವಾರದ ಬೆಳ್ಳಿ ಒಡವೆ ಕೋರ್ಸಿಗೆ ಸೇರಿಸಿದರು. ಜೊತೆಗಿರಲಿ ಅಂತ ತಮ್ಮ ತಂಗಿಯನ್ನೂ ಗಂಟು ಹಾಕಿದರು. ಕೇಳಿದ್ದೆನಾ ನಾನು?

ಜೂನ್ ೫, ಬುಧವಾರ

ಮೇಡಂ ಇವತ್ತು ಬಾಯಿ ಬಿಟ್ಟರು. ನಮ್ಮಲ್ಲೊಬ್ಬರನ್ನು ಅಸಿಸ್ಟೆಂಟ್ ಆಗಿ ಇಟ್ಟುಕೊಳ್ಳುತ್ತಾರಂತೆ. ಶುಕ್ರವಾರ ಎಲ್ಲರ ಉಂಗುರ ನೋಡಿ ತೀರ್ಮಾನ.

ಬೇಕು ನನಗೆ. ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಬೇಕು. ಇನ್ನೊಮ್ಮೆ ಯಾರಾದರೂ ನನ್ನ ಕೆಲಸ ನೋಡಿ ತಲೆದೂಗಬೇಕು. ಅಷ್ಟೇ. ಅದು ಆಸೆಬುರುಕತನವಾದರೆ ಆಗಲಿ.

ಕರೆಂಟ್ ಕುಲುಮೆಯ ಪಾಠವೂ ಆಯಿತು. ಒಂಬೈನೂರು ಡಿಗ್ರಿಗೆ ನಿಲ್ಲಿಸಬೇಕು. ಒಂಬೈನೂರ ಅರವತ್ತು ದಾಟಿದರೆ ಬೆಳ್ಳಿಯೇ ಕರಗಿ ಉಂಡೆಯಾಗುತ್ತದೆ, ಮಾಡಿದ್ದೆಲ್ಲಾ ನೀರುಪಾಲು. ನಾದಿನಿ ಆಗ ಉಗುರು ನೋಡಿಕೊಳ್ಳುತ್ತಿದ್ದಳು.

ಜೂನ್ ೬, ಗುರುವಾರ

ಉಂಗುರ ಮಾಡಿದ್ದಾಯಿತು. ಸುಟ್ಟಾಗ ಕುಗ್ಗುವುದರಿಂದ ಬೆರಳಿನ ಅಳತೆಗಿಂತ ದೊಡ್ಡದು ಮಾಡಬೇಕು. ಎಷ್ಟು ದೊಡ್ಡದು ಅನ್ನುವುದಕ್ಕೆ ಚಾರ್ಟ್ ಇದೆ. ನಾದಿನಿ ಅದನ್ನು ತಲೆಕೆಳಗು ಹಿಡಿದು ನೋಡಿದಳು, ಆಮೇಲೆ ನನ್ನ ಕಡೆ ತಳ್ಳಿದಳು. ಅತ್ತಿಗೆ, ನೀವೇ ಮಾಡಿಬಿಡಿ ಅಂತ ರಾಗ. ಚಾರ್ಟ್ ನೋಡಿ ಅವಳದನ್ನು ಅಳೆದೆ, ಸುತ್ತಿದೆ, ಮೇಲೆ ಎಲೆ ಬಳ್ಳಿಯನ್ನೂ ಕೊರೆದೆ. ಎದ್ದಾಗ ಸೊಂಟ ಹಿಡಿದುಕೊಂಡಿತ್ತು.

ನನ್ನದಕ್ಕೆ ಚಾರ್ಟ್ ಯಾಕೆ... ಕುಗ್ಗುವ ವಿಷಯ ನನಗೆ ಹೇಳಿಕೊಡಬೇಕೇ? ಕೈಯಂದಾಜಿನಲ್ಲೇ ಸುತ್ತಿದೆ. ಚೆನ್ನಾಗಿ ಬಂದಿದೆ.

ಜೂನ್ ೭, ಶುಕ್ರವಾರ

ಥೂ.

ಕುಲುಮೆಯಿಂದ ಬಂದ ಉಂಗುರಗಳನ್ನು ಬ್ರಷ್ಷಿನಿಂದ ಉಜ್ಜಿ ಹೊಳಪು ಬರಿಸಿ, ಒಬ್ಬೊಬ್ಬರಾಗಿ ಹಾಕಿಕೊಂಡು ತೋರಿಸಬೇಕಿತ್ತು. ನನ್ನದು ಬೆರಳಿನಿಂದ ಜಾರಿ ಟೇಬಲ್ ಮೇಲೆ ಗಿರಗಿರ ತಿರುಗಿತು. ಎಲ್ಲರೂ ನಕ್ಕರು. ಪಿಂಗಾಣಿ ಬೆಳ್ಳಿಗಿಂತ ಹೆಚ್ಚು ಕುಗ್ಗುತ್ತದೆ. ನನ್ನ ಕೈ ಹಲ್ಲಿನ ಲೆಕ್ಕ ಹಾಕಿತ್ತು.

ನಾದಿನಿಯದು ಹೇಳಿ ಮಾಡಿಸಿದ ಹಾಗೆ ಕೂತಿತು. ಮೇಡಂ ಅದರ ಬಳ್ಳಿಯನ್ನು ಭೂತಗನ್ನಡಿ ಹಿಡಿದು ನೋಡಿದರು. ಜಾಗ ಅವಳಿಗೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಜನರೆದುರು ಗಂಡನ ತಂಗಿಯ ಮಾನ ಕಳೆದು ಮನೆಗೆ ಹೋಗುವುದು ಹೇಗೆ?

ರಾತ್ರಿ ಊಟಕ್ಕೆ ಕೂತಾಗ ಇವರು ಹೇಳಿದ್ದು: "ನಮ್ಮನೆಯವರಿಗೇ ಸಿಕ್ತಲ್ಲ, ಬಿಡು. ಯಾರಿಗೆ ಸಿಕ್ಕಿದ್ರೇನು?"

ಮೈಯೆಲ್ಲಾ ಉರಿದುಹೋಯಿತು. ಅನ್ನ ಬಡಿಸಿದೆ.

ಜೂನ್ ೨೪, ಸೋಮವಾರ. ಬೆಳಗ್ಗೆ ೧೧

ಇಷ್ಟು ದಿನ ಬರೆಯಲಿಲ್ಲ. ಏನಂತ ಬರೆಯುವುದು — ಪಾತ್ರೆ ತೊಳೆದೆ ಅಂತಲೇ?

ಇವತ್ತು ಮೇಡಂ ಊರಲ್ಲಿಲ್ಲ. ಹೊಸ ಬ್ಯಾಚು ಪೂರ್ತಿ ನಾದಿನಿಯ ಕೈಯಲ್ಲಿ. ಈಗಷ್ಟೇ ಅವಳ ಫೋನ್ ಬಂತು. ಕರೆಂಟ್ ಹೋಗಿ ಬಂದು ಕುಲುಮೆಯಲ್ಲಿ ಮೇಡಂ ಸೆಟ್ ಮಾಡಿಟ್ಟಿದ್ದೆಲ್ಲಾ ಅಳಿಸಿಹೋಗಿದೆಯಂತೆ, ಎಷ್ಟು ಡಿಗ್ರಿ ಇಡಬೇಕು ಅಂತ ಕೇಳಿದಳು. ಮೇಡಂ ಫೋನ್ ಎತ್ತುತ್ತಿಲ್ಲವಂತೆ.

ಒಂಬೈನೂರ ಎಪ್ಪತ್ತು ಅಂದೆ.

ನಾಲಿಗೆ ತಡವರಿಸಲಿಲ್ಲ. ಸರಿ ಅತ್ತಿಗೆ ಅಂತ ಇಟ್ಟಳು. ಉಂಡೆಯಾಗಲಿ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ನನ್ನ ಕೈಕೆಲಸ ತೊಟ್ಟುಕೊಂಡು ಮೆರೆದಳಲ್ಲ, ಈಗ ಬಾಗಿಲು ತೆಗೆದು ನೋಡಲಿ! ಟೀ ಮಾಡಿಕೊಂಡೆ. ಸಕ್ಕರೆ ಹಾಕುವುದು ಮರೆತೆ, ಹಾಗೇ ಕುಡಿದೆ.

೧೧.೨೫

ಅವಳ ವಾಯ್ಸ್ ಮೆಸೇಜ್. ಮೂರು ಸಲ ಕೇಳಿದೆ.

"ಅತ್ತಿಗೆ, ಎಲ್ಲರ ಉಂಗುರಾನೂ ಒಳಗಿಟ್ಟು ಆನ್ ಮಾಡ್ದೆ. ಇಲ್ಲೊಬ್ರು ತಾತ ಇದಾರೆ, ಅಜ್ಜಿಗೆ ಅಂತ ಕೈ ನಡುಗ್ತಾ ನಡುಗ್ತಾ ಮಾಡಿದಾರೆ, ನೋಡಿದ್ರೆ ನಿಮಗೆ ಇಷ್ಟ ಆಗತ್ತೆ. ಮತ್ತೆ... ಬೈಬೇಡಿ. ಆ ಉಂಗುರ ನೀವು ಮಾಡಿದ್ದು ಅಂತ ನಿನ್ನೆ ಮೇಡಂಗೆ ಹೇಳ್ಬಿಟ್ಟೆ. ಅವತ್ತಿಂದ ನನಗೆ ಊಟ ಸೇರ್ತಿರ್ಲಿಲ್ಲ. ಮುಂದಿನ ವಾರದಿಂದ ನೀವೇ ಕ್ಲಾಸ್ ತಗೋಬೇಕಂತೆ."

ಫೋನ್ ಮಾಡುತ್ತಲೇ ಇದ್ದೇನೆ. ರಿಂಗ್ ಆಗುತ್ತಿದೆ. ಮಣ್ಣು ಮೆತ್ತಿದ ಕೈಯಲ್ಲಿ ಎತ್ತುವವಳಲ್ಲ — ಎತ್ತಬೇಡ ಅಂತ ಕಲಿಸಿದ್ದೂ ನಾನೇ. ಇಷ್ಟು ಹೊತ್ತಿಗೆ ಕುಲುಮೆ ಐನೂರು ದಾಟಿರುತ್ತದೆ. ಅಯ್ಯೋ ದೇವರೇ, ಎತ್ತೇ, ಎತ್ತೇ ಹುಡುಗಿ... ಕೂತು ಬರೆಯುತ್ತಿದ್ದೇನಲ್ಲ ನಾನು! ಅಲ್ಲಿ ಮೇನ್ ಸ್ವಿಚ್ ಕ್ಲಾಸಿನ ಬಾಗಿಲ ಪಕ್ಕದಲ್ಲೇ ಇದೆ. ಈಗ ಓಡಿದರೆ ಇನ್ನೂ