ಅಪ್ಪನ ಎಡಗೈ

ಸೇಡಂ
೧೧-೦೯-೨೦೨೫, ಗುರುವಾರ

ಮುದ್ದಿನ ತಂಗಿ ಭಾಗ್ಯಶ್ರೀಗೆ,

ನಿನ್ನ ರತ್ನಕ್ಕನ ಆಶೀರ್ವಾದ. ಇಲ್ಲಿ ನಿಮ್ಮ ಭಾವ, ಮಗ, ಸೊಸೆ, ಕೂಸು ಎಲ್ಲರೂ ಆರಾಮ ಇದ್ದಾರೆ. ಮೊಮ್ಮಗಳ ತೊಟ್ಟಿಲ ದಿನ ನೀನು ಶಹಾಬಾದಿನಿಂದ ಬಂದು ಅಡುಗೆಮನೆ ಹಿಡಿದದ್ದರಿಂದ ನನ್ನ ಮಾನ ಉಳಿಯಿತು. ಆದರೆ ನಿನ್ನ ಕೈಯಲ್ಲಿ ಹೂರಣ ತಳ ಹತ್ತಿದ ಸುದ್ದಿಯನ್ನು ನಿಮ್ಮ ಭಾವ ಇನ್ನೂ ಬಂದವರಿಗೆಲ್ಲ ಹೇಳಿ ನಗುತ್ತಿದ್ದಾರೆ. “ನಮ್ಮ ಭಾಗ್ಯಾ ಮಾತಿಗೆ ಕುಂತ್ರ ಮನಿಗೆ ಬೆಂಕಿ ಹತ್ತಿದ್ರೂ ಏಳಂಗಿಲ್ಲ” ಅಂತ.

ಮೊಬೈಲ್ ಇದ್ದೂ ಅಕ್ಕ ಯಾಕೆ ಪತ್ರ ಬರೆದಳು ಅಂತ ನೀನೂ ನಗಬೇಡ. ಫೋನಿನಲ್ಲಿ ನಾನು ಅಪ್ಪನ ರೋಗದ ಹೆಸರು ಎತ್ತಿದರೆ ಸಾಕು, “ಮತ್ತ ಶುರು ಮಾಡಿದೇನಕ್ಕಾ” ಅಂತ ಫೋನನ್ನು ಗಂಡನ ಕೈಗೆ ದಾಟಿಸುತ್ತೀ. ಇನ್ನೊಂದು ಕಾರಣವೂ ಇದೆ. ಅಪ್ಪ ನಮ್ಮ ತವರು ಆಡಕಿಯಿಂದ ಬರೆಯುತ್ತಿದ್ದ ಪತ್ರಗಳು ನೆನಪಿವೆಯಲ್ಲ? ಸಾಲಿನ ಆರಂಭದಲ್ಲಿ ಅಕ್ಷರ ಜೋಳದಷ್ಟು, ತುದಿಗೆ ಬರುವಷ್ಟರಲ್ಲಿ ಸಾಸಿವೆಯಷ್ಟು. ಇಷ್ಟು ಬರೆಯುವುದರೊಳಗೆ ನಾನು ಮೂರು ಸಲ ಸ್ಕೇಲ್ ಇಟ್ಟು ಅಳೆದಿದ್ದೇನೆ. ಸದ್ಯಕ್ಕೆ ಎಲ್ಲವೂ ಜೋಳವೇ.

ಬರುವ ದೀಪಾವಳಿಗೆ ನನಗೆ ಐವತ್ನಾಲ್ಕು. ಅಪ್ಪನ ಎಡಗೈ ನಡುಗಲು ಹತ್ತಿದ್ದು ಅದೇ ವಯಸ್ಸಿಗೆ. ಪಾರ್ಕಿನ್ಸನ್ ಅನ್ನುವ ಹೆಸರು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಆ ಕೈಯನ್ನು ಹೆಗಲ ಮೇಲಿನ ವಸ್ತ್ರದೊಳಗೆ ಮುಚ್ಚಿಟ್ಟುಕೊಂಡು ಎರಡು ವರ್ಷ ಊರನ್ನೂ ನಮ್ಮನ್ನೂ ಏಮಾರಿಸಿದ.

ನನ್ನ ದಿನ ಹೇಗೆ ನಡೆಯುತ್ತದೆ ಅಂತ ನಿನಗೊಬ್ಬಳಿಗೇ ಹೇಳುತ್ತೇನೆ. ಎದ್ದ ಕೂಡಲೇ ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಇಪ್ಪತ್ತು ಎಣಿಸುತ್ತೇನೆ. ಶಾಲೆಗೆ ಹೋಗುವಾಗ ಬಿಸಿಲಲ್ಲಿ ನನ್ನ ನೆರಳನ್ನೇ ನೋಡುತ್ತ ನಡೆಯುತ್ತೇನೆ, ಎರಡೂ ಕೈ ಬೀಸುತ್ತಿವೆಯೋ ಇಲ್ಲವೋ ಅಂತ. ಹಾಗೆ ನಡೆದು ಒಂದು ದಿನ ನಮ್ಮ ಶಾಲೆಯ ಹೆಡ್ ಮಾಸ್ತರ ನಾಗೇಂದ್ರಪ್ಪನವರಿಗೇ ಡಿಕ್ಕಿ ಹೊಡೆದೆ. ಅವರು “ಟೀಚರ್, ಏನರೆ ಕಳಕೊಂಡೀರೇನ್ರಿ” ಅಂತ ಕೇಳಿದರು.

ಹೋದ ವರ್ಷ ನಿಮ್ಮ ಭಾವ ಕಾಲು ಎಳೆದು ನಡೆಯುವುದನ್ನು ಕಂಡು ರೋಗ ಇವರಿಗೇ ಬಂತು ಅಂತ ಒಂದು ವಾರ ಅನ್ನ ಬಿಟ್ಟಿದ್ದೆ. ಕಡೆಗೆ ನೋಡಿದರೆ ಚಪ್ಪಲಿಯ ಉಂಗುಟ ಕಿತ್ತಿತ್ತು. ಹಾವು ಕಡಿದವನಿಗೆ ಹಗ್ಗ ಕಂಡರೂ ಅಂಜಿಕೆಯಂತೆ. ನನಗೆ ಹಾವು ಕಡಿದೇ ಇಲ್ಲ, ಕಡಿಸಿಕೊಂಡವರನ್ನು ನೋಡಿದ್ದೇನೆ ಅಷ್ಟೇ.

ಕಲಬುರಗಿಯ ನರದ ಡಾಕ್ಟರರ ಹತ್ತಿರ ಎರಡು ಸಲ ಹೋಗಿ ಬಂದೆ. ನಡೆಸಿದರು, ಬರೆಸಿದರು, ಕೈ ತಿರುಗಿಸಿ ನೋಡಿದರು. ವಾಸನೆ ಬರುತ್ತದೆಯೇ ಅಂತಲೂ ಕೇಳಿದರು. ಕೆಲವರಿಗೆ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಮೂಗು ಮಂದವಾಗುತ್ತದಂತೆ. ಅವತ್ತಿನಿಂದ ದಿನಾ ಇಂಗಿನ ಡಬ್ಬಿ ಮೂಸಿಯೇ ಒಲೆ ಹಚ್ಚುವುದು. ಸೊಸೆ ಏನೂ ಕೇಳುವುದಿಲ್ಲ, ಪುಣ್ಯಾತ್ಗಿತ್ತಿ. ಎರಡನೆಯ ಸಲ ಡಾಕ್ಟರ್ ನಕ್ಕು, “ಅಮ್ಮಾ, ನಿಮಗ ಆ ರೋಗ ಇಲ್ಲ. ಆ ರೋಗದ ಅಂಜಿಕಿ ಅದ. ಅದಕ್ಕೂ ಔಷಧ ಅದ, ಮೊದಲ ಮೊಬೈಲ್‌ನ್ಯಾಗ ಹುಡುಕೋದು ಬಿಡ್ರಿ” ಅಂದರು. ಹೊರಗೆ ಬಂದು ಬಸ್ಸಿನಲ್ಲಿ ಕೂತು ಮತ್ತೆ ಮೊಬೈಲ್ ತೆಗೆದೆ.

ಇನ್ನು ಯಾರಿಗೂ ಹೇಳದ ಮಾತು. ಹೋದ ಶ್ರಾವಣದಿಂದ ನಾನು ಲಿಂಗಪೂಜೆ ಮಾಡಿಲ್ಲ. ದೇವರ ಕೋಣೆಯ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತು ಎದ್ದು ಬರುತ್ತೇನೆ, ಮನೆಯವರು ಪೂಜೆ ಆಯಿತು ಅಂದುಕೊಳ್ಳುತ್ತಾರೆ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡರೆ ನನ್ನ ಕಣ್ಣು ಲಿಂಗದ ಮೇಲೆ ನಿಲ್ಲುವುದಿಲ್ಲ, ಬೆರಳಿನ ಮೇಲೆ ನಿಲ್ಲುತ್ತದೆ. ಒಂದು ದಿನ ಪತ್ರೆ ಅಲುಗಿತು. ಫ್ಯಾನಿನ ಗಾಳಿಗೋ, ನನ್ನ ಕೈಗೋ ಗೊತ್ತಾಗಲಿಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಅಪ್ಪನ ಅಂಗೈಯಿಂದ ಲಿಂಗ ಜಾರಿ ಬಿದ್ದ ದಿನ ನಾವಿಬ್ಬರೂ ಹೊಸ್ತಿಲಲ್ಲೇ ನಿಂತಿದ್ದೆವು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಇನ್ನ ನಾ ಪೂಜಾಕ್ಕ ಲಾಯಕ್ಕಿಲ್ಲ” ಅಂದುಬಿಟ್ಟ. ಮರುದಿನ ಅವ್ವ ಅವನ ಬಗಲಿಗೆ ಕೂತು, ಅವನ ಅಂಗೈ ಕೆಳಗೆ ತನ್ನ ಅಂಗೈ ಇಟ್ಟಳು. “ಈಗ ಇಡ್ರಿ” ಅಂದಳು. ಆಮೇಲೆ ಒಂಬತ್ತು ವರ್ಷ, ಅಪ್ಪ ಲಿಂಗೈಕ್ಯನಾಗುವ ತನಕ, ಹಾಗೆಯೇ ನಡೆಯಿತು.

ಅದು ನಿನ್ನೆ ನೆನಪಾಯಿತು. ಕರಡಿಗೆ ತೆರೆದೆ. ಒಂದೇ ಪತ್ರೆ ಏರಿಸಿ, ನನ್ನ ಎಡಗೈ ಕೆಳಗೆ ನನ್ನದೇ ಬಲಗೈ ಇಟ್ಟುಕೊಂಡು ಕೂತೆ. ಬಹಳ ದಿನದ ಮೇಲೆ ಬೆರಳು ಬಿಟ್ಟು ಲಿಂಗ ನೋಡಿದೆ. ಅಂಜಿಕೆ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ, ಆದರೆ ಅಂಜುತ್ತಲೇ ಪೂಜೆ ಮುಗಿಸಿದೆ.

ಈಗ ನನ್ನದೊಂದು ಕೆಲಸ ಮಾಡು. ಇದೇ ೨೨, ಸೋಮವಾರ ಅದೇ ಡಾಕ್ಟರರ ಹತ್ತಿರ ಚೀಟಿ ಬರೆಸಿದ್ದೇನೆ. ನಾನು ಸೇಡಂನಿಂದ ಬೆಳಗಿನ ರೈಲಿಗೆ ಬರುತ್ತೇನೆ. ನೀನು ಶಹಾಬಾದ್ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಿ ನೋಡಿ ಹತ್ತು. ಒಬ್ಬಳೇ ಹೋಗಲು ಧೈರ್ಯವಿಲ್ಲ ಅಂದುಕೋ. ಬರುವುದಿಲ್ಲ ಅನ್ನಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಅಂಜುಬುರುಕಿ ಅಕ್ಕ,
ರತ್ನಾಬಾಯಿ

ತಾ.ಕ.: ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಚೀಟಿ ನನ್ನ ಹೆಸರಿನದಲ್ಲ ಭಾಗ್ಯಾ, ನಿನ್ನ ಹೆಸರಿನದು. ಹೂರಣ ತಳ ಹತ್ತಿದ ವಾಸನೆ ನನಗೆ ಅಂಗಳದ ತನಕ ಬಂದಿತ್ತು. ಓಡಿ ಬಂದರೆ ನೀನು ಒಲೆಯ ಮುಂದೆಯೇ ನಿಂತಿದ್ದೆ. ಬಲಗೈಯಲ್ಲಿ ಸೌಟು ಇತ್ತು, ಎಡಗೈ ಸೆರಗಿನೊಳಗಿತ್ತು. ನಿಮ್ಮ ಭಾವನ ಚಪ್ಪಲಿಯ ಹಾಗೆ ಇದೂ ನನ್ನ ಹುಚ್ಚೇ ಆಗಲಿ, ಸಾಯುವ ತನಕ ನನ್ನನ್ನು ಆಡಿಕೊಂಡು ನಗು. ಆಗದಿದ್ದರೆ, ನಿನ್ನ ಅಂಗೈ ಕೆಳಗೆ ನನ್ನದು ಇರುತ್ತದೆ. ಅವತ್ತು ನಿನಗೆ ನೆಗಡಿ ಆಗಿತ್ತು, ಅಲ್ಲವೇ? ಆಗಿತ್ತು ಅಂತ ಒಂದು ಸಾಲು ಬರೆದು ಕಳಿಸು. ಫೋನ್ ಮಾಡಬೇಡ, ಕೈಯಿಂದ ಬರೆ.