ಅಳಿಸಿಹೋದ ಮಗು

ಮಾರ್ಚ್ ೧೧, ಮಂಗಳವಾರ

"ಕಸ" ಅಂದರಲ್ಲ ಮ್ಯಾನೇಜರ್, ಆ ಮಾತು ಇನ್ನೂ ಚುಚ್ಚುತ್ತಿದೆ.

ಬೆಳಿಗ್ಗೆ ಹೆರಿಗೆ ವಾರ್ಡಿನ ನರ್ಸಕ್ಕ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿರುವ ನನ್ನ ಮೇಜಿಗೇ ಬಂದರು. "ನಾಲ್ಕು ದಿನದ ಕೂಸು ತೊಟ್ಟಿಲಲ್ಲಿದೆ, ನಿನ್ನ ಕಂಪ್ಯೂಟರಲ್ಲಿ ಇಲ್ವಲ್ಲೇ! ಲಸಿಕೆ ಎಲ್ಲಿ ಬರೀಲಿ?" ಹುಡುಕಿದೆ. ಭಾನುವಾರ ತಾಯಿ ತೀರಿಕೊಂಡಾಗ ಯಾರೋ ಆಕೆಯ ದಾಖಲೆ ಅಳಿಸಿದ್ದಾರೆ. ಮಗುವಿನದೂ ಜೊತೆಗೇ ಹೋಗಿದೆ. ಡೇಟಾಬೇಸಿನ ಕೋಷ್ಟಕಗಳನ್ನು ಪೈಥಾನ್ ಪ್ರೋಗ್ರಾಮಿನ ಆಬ್ಜೆಕ್ಟುಗಳಿಗೆ ಜೋಡಿಸುವ ಕೋಡಿನಲ್ಲಿರುವ ನಿಯಮವೇ ಅದು: ತಾಯಿಯನ್ನು ಅಳಿಸಿದರೆ ಮಗುವನ್ನೂ ಅಳಿಸು.

"ತಾಯಿಯಿಲ್ಲದ ದಾಖಲೆ ಕಸ ಕಣಮ್ಮ. ನಿಯಮ ಮುಟ್ಟಬೇಡ," ಅಂದರು ಮ್ಯಾನೇಜರ್.

"ಆ ಕಸ ಎರಡೂವರೆ ಕೇಜಿ ಇದೆ ಸರ್. ಹಾಲು ಕುಡಿಯುತ್ತೆ," ಅಂದೆ.

ಆದರೂ ನಿಯಮ ಮುಟ್ಟಿದೆ. ಇನ್ನು ಯಾವ ತಾಯಿಯನ್ನೂ ಅಳಿಸಲು ಬರುವುದಿಲ್ಲ. ತೀರಿಕೊಂಡಳು ಎಂದು ಬರೆಯಬಹುದು, ಅಷ್ಟೆ. ಹಳೆಯ ಬ್ಯಾಕಪ್ ತೆಗೆದರೆ ಹೀಗೆ ಮಾಯವಾದ ಇನ್ನೂ ಆರು ಮಕ್ಕಳು! ಏಳೂ ಮಕ್ಕಳನ್ನು, ಅವರ ಅಮ್ಮಂದಿರನ್ನೂ ವಾಪಸ್ ಹಾಕಿದೆ. ಸಂಜೆ ನರ್ಸಕ್ಕ ಫೋನಿನಲ್ಲಿ, "ಕಂಪ್ಯೂಟರಲ್ಲಿ ಬಂದ ಕಣೇ ಹುಡುಗ, ಲಸಿಕೆ ಬರೆದೆ," ಅಂದರು.

ನಿಯಮ ಮುಟ್ಟಿದ್ದಕ್ಕೆ ನಾಳೆ ಹತ್ತಕ್ಕೆ ಆಸ್ಪತ್ರೆಯ ನಿರ್ದೇಶಕರ ಮುಂದೆ ನಿಲ್ಲಬೇಕಂತೆ. ನಿಲ್ಲುತ್ತೇನೆ. ಏಳು ಮಕ್ಕಳ ಪಟ್ಟಿ ಹಿಡಿದೇ ಹೋಗುತ್ತೇನೆ. ಹೋದ ವರ್ಷ ಆ ನಿಯಮ ಬರೆದ ಕೈ ನನ್ನದೇ ಅಂತಲೂ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ, ಆ ನಿಯಮವನ್ನು ಮಾತ್ರ ನಾನು ಮತ್ತೆ ಬರೆಯುವುದಿಲ್ಲ. ಕಣ್ಣು ಎಳೆಯುತ್ತಿದೆ.